ಒಂದು ಸ್ವಿಚ್ಚು, ಇಬ್ಬರು ಅಪರಾಧಿಗಳು

ಅಧ್ಯಕ್ಷತೆ ವಹಿಸಿರುವ, ಈ ಕಾರ್ಖಾನೆಯ ಒಡತಿ ಶಶಿಕಲಾ ಮೇಡಂ ಅವರೇ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕಳೆದು ಬಂದರೂ ನಗುತ್ತಲೇ ಕೂತಿರುವ ಮುಖ್ಯ ಅತಿಥಿ ಮುನಿರಾಜು ಅವರೇ. ಮೈಸೂರು ಪೇಟ ತೊಟ್ಟು, ಶಾಲು ಹೊದ್ದು, ಇವತ್ತಿನ ಸಭೆಗೆ ಮದುಮಗನಂತೆ ಕಾಣುತ್ತಿರುವ ನಮ್ಮ ನರಸಿಂಹಯ್ಯನವರೇ. ಆ ಮದುಮಗನನ್ನು ಮೂವತ್ತಾರು ವರ್ಷದಿಂದ ಸಂಭಾಳಿಸಿಕೊಂಡು ಬಂದಿರುವ ಈಶ್ವರಮ್ಮನವರೇ. ಅಸೆಂಬ್ಲಿ, ಟೆಸ್ಟಿಂಗ್, ಸ್ಟೋರ್ಸ್, ಕ್ಯಾಂಟೀನ್, ಎಲ್ಲ ವಿಭಾಗಗಳ ಸಭಿಕರೇ. ಮತ್ತು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ, ನನಗೆ ಕಾಣುವುದಿಲ್ಲ ಅಂದುಕೊಂಡು ಕೂತಿರುವ ನನ್ನ ಪತಿಯವರೇ.

'ಪತಿಯವರೇ' ಎಂಬ ಪದವನ್ನು ಮೈಕಿನಲ್ಲಿ ಹೇಳುವುದು ಇದೇ ಮೊದಲು. ಮದುವೆಯಾಗಿ ಇವತ್ತಿಗೆ ನಲವತ್ತೆರಡು ದಿನ. ಇನ್ನೊಂದು ಸಲ ಹೇಳಲೇ? ಬೇಡ, ಅವರು ಕಂಬದ ಹಿಂದಿನಿಂದ ಬಾಗಿಲ ಕಡೆಗೆ ಸರಿಯುತ್ತಿದ್ದಾರೆ.

ನಿಜವಾಗಿ ಇಲ್ಲಿ ನಿಂತು ಮಾತಾಡಬೇಕಾದವರು ಅವರು. ಟೆಸ್ಟಿಂಗ್ ವಿಭಾಗದ ಅಂಬರೀಶ್ ಅಂದರೆ ನಿಮಗೆಲ್ಲ ಗೊತ್ತು. ಮೆಂಟೆನೆನ್ಸ್ ಸೂಪರ್‌ವೈಸರ್ ಆಗಿ ಮೂವತ್ತೊಂದು ವರ್ಷ ದುಡಿದು ಇವತ್ತು ನಿವೃತ್ತರಾಗುತ್ತಿರುವ ನರಸಿಂಹಯ್ಯನವರ ಬಗ್ಗೆ ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಆದರೆ ಅಂಬರೀಶ್ ಮೈಕ್ ನೋಡಿದರೆ ಬೆವರುತ್ತಾರೆ. ಆದ್ದರಿಂದ ಒಂದು ಭಾಷಣ ಬರೆದು ನನ್ನ ಕೈಗೆ ಕೊಟ್ಟಿದ್ದಾರೆ. ಅದು ಎರಡು ನಿಮಿಷದ್ದು. ನನಗೆ ಕೊಟ್ಟಿರುವ ಸಮಯ ಹತ್ತು ನಿಮಿಷ. ಉಳಿದ ಎಂಟು ನಿಮಿಷ ಯಾರದ್ದು ಎಂದು ನೀವೇ ಯೋಚಿಸಿ.

ನನ್ನ ಪರಿಚಯ ಇಲ್ಲದವರಿಗಾಗಿ: ನಾನು ನಿವೇದಿತಾ, ದಾವಣಗೆರೆಯವಳು. ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಎಷ್ಟು ಸಲ ನಿಂತೆನೆಂದರೆ, ಕ್ಲಾಸಿನಲ್ಲೇ ಎತ್ತರದ ಹುಡುಗಿ ಎಂದು ಹೊಸ ಟೀಚರೊಬ್ಬರು ನನ್ನನ್ನು ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡರು. ಹಾಗಾಗಿ ತಪ್ಪು ಬಂದರೆ ಕ್ಷಮಿಸಿ. ಬೆಂಚು ಮಾತ್ರ ತರಬೇಡಿ.

ಈ ಕಾರ್ಖಾನೆಗೆ ನಾನು ಮೊದಲು ಬಂದದ್ದು ಸೊಸೆಯಾಗಿ ಅಲ್ಲ, ಶತ್ರುವಾಗಿ. ಎರಡು ವರ್ಷದ ಹಿಂದೆ ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿದ್ದೆ. ಕಾರ್ಖಾನೆಗಳಿಗೆ ಕಂಪ್ಯೂಟರು, ತಂತ್ರಾಂಶ ಎರಡನ್ನೂ ಒಟ್ಟಿಗೆ ಮಾರುವ ಕಂಪನಿ. ಇಲ್ಲಿನ ಟೆಸ್ಟ್ ಬೆಂಚಿನ ಪಕ್ಕದಲ್ಲಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಕಳಿಸಿ, ಆ ಜಾಗದಲ್ಲಿ ನಮ್ಮದನ್ನು ಕೂರಿಸುವುದು ನನಗೆ ಒಪ್ಪಿಸಿದ್ದ ಕೆಲಸ.

ಆ ಕಂಪ್ಯೂಟರಿನ ಬಗ್ಗೆ ಮುನಿರಾಜು ಸರ್‌ಗೆ ಎರಡು ಮಾತು ಹೇಳಬೇಕು. ಇಲ್ಲಿ ತಯಾರಾಗುವ ಒಂದೊಂದು ವಾಲ್ವೂ ಅರ್ಧ ಗಂಟೆ ನೀರಿನ ಒತ್ತಡ ತಡೆದು ನಿಲ್ಲಬೇಕು. ನಿಂತಿತೋ ಇಲ್ಲವೋ ಎಂದು ನಿಮಿಷ ನಿಮಿಷಕ್ಕೂ ಬರೆದಿಟ್ಟು, ಕೊನೆಗೆ ಸರ್ಟಿಫಿಕೇಟ್ ಅಚ್ಚು ಮಾಡಿ ಕೊಡುವುದು ಆ ಕಂಪ್ಯೂಟರು. ಅದು ಮಧ್ಯದಲ್ಲಿ ನಿಂತರೆ ಪರೀಕ್ಷೆ ಮತ್ತೆ ಮೊದಲಿನಿಂದ. ಬೆಂಚಿನ ಜೊತೆಗೇ ಯಾವುದೋ ದೇಶದಿಂದ ಸೆಕೆಂಡ್ ಹ್ಯಾಂಡಾಗಿ ಬಂದದ್ದು. ನಮ್ಮ ನಿಮ್ಮ ಮನೆಯಲ್ಲಿರುವ ಕಂಪ್ಯೂಟರಿನ ವಂಶವಲ್ಲ, ಒಳಗಿನ ಪ್ರೊಸೆಸರ್ರೇ ಬೇರೆ. ಮಾಡಿದ ಕಂಪನಿ ಬಾಗಿಲು ಹಾಕಿ ಬಹಳ ವರ್ಷವಾಯಿತು. ಅದರ ಜೊತೆ ಬಂದಿದ್ದ ತಂತ್ರಾಂಶ ವಾರಕ್ಕೆರಡು ಸಲ ಸ್ತಬ್ಧವಾಗುತ್ತಿತ್ತು. ರಿಪೇರಿಗೆ ಯಾರನ್ನು ಕೇಳುವುದು?

ಅಂಬರೀಶ್ ಅದನ್ನು ಅಳಿಸಿ ಲಿನಕ್ಸ್ ಹಾಕಿದರು. ಲಿನಕ್ಸ್ ಅಂದರೆ ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ. ಸಾಮಾನ್ಯ ಕಂಪ್ಯೂಟರಿನಲ್ಲಿ ಅದಕ್ಕೊಂದು ಕಾಯಿಲೆ ಬಂದರೆ ಲಕ್ಷ ಜನಕ್ಕೆ ಅದೇ ದಿನ ಬರುತ್ತದೆ, ಸಂಜೆಯೊಳಗೆ ಯಾರೋ ಒಬ್ಬರು ಔಷಧಿ ಕಂಡುಹಿಡಿಯುತ್ತಾರೆ. ಆದರೆ ಇಂಥ ಅಪರೂಪದ ಕಂಪ್ಯೂಟರಿಗೆ ಬರುವ ಕಾಯಿಲೆ ಜಗತ್ತಿನಲ್ಲಿ ಇನ್ಯಾರಿಗೂ ಬಂದಿರುವುದಿಲ್ಲ. ಆ ಮಾಡೆಲ್ಲಿನಲ್ಲಿ ಲಿನಕ್ಸ್ ಓಡಿಸುತ್ತಿದ್ದವರು ಆಗ ಇಡೀ ಭೂಮಿಯಲ್ಲಿ ನಾಲ್ಕೇ ಜನ ಇದ್ದರಂತೆ. ಒಬ್ಬರು ಬ್ರೆಜಿಲ್ಲಿನಲ್ಲಿ, ಒಬ್ಬರು ಜಪಾನಿನಲ್ಲಿ, ಒಬ್ಬರು ಫಿನ್‌ಲೆಂಡಿನ ರಿಟೈರ್ಡ್ ಮೇಷ್ಟ್ರು, ಇನ್ನೊಬ್ಬರು ಪೀಣ್ಯ ಎರಡನೇ ಹಂತದಲ್ಲಿ. ಪ್ರಿಂಟರು, ಬೆಂಚು ಎರಡೂ ಒಟ್ಟಿಗೆ ಕೆಲಸ ಮಾಡಿದಾಗಲೆಲ್ಲ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಅಂಬರೀಶ್ ಹನ್ನೊಂದು ಪತ್ರ ಬರೆದರು. ಹನ್ನೆರಡನೆಯದಕ್ಕೆ ಆ ಮೇಷ್ಟ್ರು ಆರು ಸಾಲಿನ ತಿದ್ದುಪಡಿ ಕಳಿಸಿದರು. ಅದನ್ನು ಹಾಕಿ ೨೦೦೬ರ ಜೂನ್ ಹತ್ತನೇ ತಾರೀಕು ಬೆಳಿಗ್ಗೆ ಶುರು ಮಾಡಿದ್ದು. ಆಮೇಲೆ ಅದು ನಿಲ್ಲಲಿಲ್ಲ.

ಅದರ ಮಾರನೆಯ ವಾರ ನಾನು ಬ್ರೋಷರ್ ಹಿಡಿದು ಬಂದೆ. 'ನಮ್ಮ ವ್ಯವಸ್ಥೆ ಐನೂರು ದಿನ ಎಡೆಬಿಡದೆ ಓಡುತ್ತದೆ' ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ನಿಜವೇ ಎಂದು ನಮ್ಮ ಮ್ಯಾನೇಜರನ್ನು ಕೇಳಿದ್ದೆ. ಐನೂರು ಎಂಬ ಸಂಖ್ಯೆ ಆ ಪುಟದಲ್ಲಿ ಚೆನ್ನಾಗಿ ಕೂರುತ್ತದೆ ಎಂದಿದ್ದರು.

ಶಶಿಕಲಾ ಮೇಡಂ ಬ್ರೋಷರನ್ನು ಪೂರ್ತಿ ಓದಿ ಅಂಬರೀಶ್ ಅವರನ್ನು ಕರೆಸಿದರು. "ನಿಮ್ಮ ಡಬ್ಬ ಐನೂರು ದಿನ ನಿಲ್ಲದೆ ಓಡಲಿ. ಓಡಿದರೆ ಅದೇ ಇರಲಿ, ಉಳಿದ ಬೆಂಚುಗಳಿಗೂ ನಿಮ್ಮ ಲಿನಕ್ಸೇ ಹಾಕೋಣ. ನಡುವೆ ಒಂದು ಸಲ ನಿಂತರೂ ಈ ಹುಡುಗಿಯ ಹತ್ತಿರ ಸಹಿ ಹಾಕ್ತೀನಿ" ಎಂದರು. ಆ ಕಂಪ್ಯೂಟರನ್ನು ಅಂಬರೀಶ್ ಬಿಟ್ಟು ಯಾರೂ ಮುಟ್ಟಬಾರದು, ಮುಟ್ಟಿದವರು ಸಸ್ಪೆಂಡ್ ಎಂದು ನೋಟೀಸನ್ನೂ ಹಾಕಿಸಿದರು.

ಹೀಗೆ ನಾನು ಪ್ರತಿ ತಿಂಗಳ ಮೊದಲ ಸೋಮವಾರ ವೈಟ್‌ಫೀಲ್ಡಿನಿಂದ ಮೂರು ಬಸ್ಸು ಬದಲಿಸಿ, ಒಂದು ಕಂಪ್ಯೂಟರ್ ಸತ್ತಿದೆಯೇ ಎಂದು ನೋಡಲು ಬರತೊಡಗಿದೆ. ಅಂಬರೀಶ್ ಕೀಲಿಮಣೆಯಲ್ಲಿ ಒಂದು ಪದ ಒತ್ತುತ್ತಿದ್ದರು. ಎಷ್ಟು ದಿನದಿಂದ ಓಡುತ್ತಿದೆ ಎಂದು ತೆರೆಯ ಮೇಲೆ ಬರುತ್ತಿತ್ತು. ಅದನ್ನು ಓದಿ ಹೇಳುತ್ತಿದ್ದರು, ಅಷ್ಟೆ. "ಐವತ್ತೆಂಟು, ಮೇಡಂ." "ಎಂಬತ್ತಾರು, ಮೇಡಂ." ಸಭಿಕರೇ, ಬೇರೆ ಹುಡುಗಿಯರಿಗೆ ಹುಡುಗರು ಕವಿತೆ ಹೇಳುತ್ತಾರೆ. ನನಗೆ ಸಿಕ್ಕಿದ್ದು ಇದು. ಇನ್ನೂರು ದಾಟುವ ಹೊತ್ತಿಗೆ ನಾನು ಊರಿಂದ ಖಾರ ಮಂಡಕ್ಕಿ ತರುತ್ತಿದ್ದೆ. ಮುನ್ನೂರು ದಾಟಿದ ಮೇಲೆ ತಿಂಗಳಿಗೆ ಒಂದು ಸಲ ನೋಡಿದರೆ ಸಾಲದು, ವಾರಕ್ಕೊಮ್ಮೆ ತಪಾಸಣೆ ಅಗತ್ಯ ಎಂದು ನಮ್ಮ ಮ್ಯಾನೇಜರಿಗೆ ರಿಪೋರ್ಟ್ ಬರೆದೆ.

ನರಸಿಂಹಯ್ಯನವರ ಬಗ್ಗೆ ಯಾವಾಗ ಹೇಳುತ್ತಾಳೆ ಎಂದು ಕಾಯುತ್ತಿದ್ದೀರಿ. ಬಂದೆ. ಪೀಣ್ಯದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಫಿನ್‌ಲೆಂಡಿನ ಮೇಷ್ಟ್ರು ಆರು ಸಾಲು ಬರೆದರು, ಸರಿ. ಕರೆಂಟು ಹೋದ ಇಪ್ಪತ್ತು ಸೆಕೆಂಡಿನಲ್ಲಿ ಜನರೇಟರ್ ಎಬ್ಬಿಸಿದವರು ಯಾರು? ಪ್ರತಿ ಶನಿವಾರ ಯುಪಿಎಸ್ ಬ್ಯಾಟರಿಗಳಿಗೆ ತಾವೇ ಡಿಸ್ಟಿಲ್ಡ್ ವಾಟರ್ ಹಾಕಿದವರು ಯಾರು? ಬಾಗಲಗುಂಟೆಯಿಂದ ಸೈಕಲ್ಲಿನಲ್ಲಿ, ಎಲ್ಲರಿಗಿಂತ ಮುಂಚೆ ಬಂದು, ಆ ಕಂಪ್ಯೂಟರಿನ ಹಿಂದಿನ ಫ್ಯಾನಿಗೆ ಧೂಳು ಕೂರದಂತೆ ನೋಡಿಕೊಂಡವರು ಯಾರು? ಮುಟ್ಟಬಾರದೆಂಬ ನೋಟೀಸಿತ್ತಲ್ಲ, ಆದ್ದರಿಂದ ಬಾಯಲ್ಲಿ ಊದುತ್ತಿದ್ದರು.

ಇವರಿಗೆ ಒಂದೇ ಒಂದು ಕೊರಗು. ಆಯುಧಪೂಜೆಯ ದಿನ ಇಲ್ಲಿ ಎಲ್ಲ ಯಂತ್ರವೂ ನಿಲ್ಲುತ್ತದೆ. ಲೇತು, ಡ್ರಿಲ್ಲಿಂಗ್, ಕ್ಯಾಂಟೀನಿನ ಗ್ರೈಂಡರು, ಎಲ್ಲದಕ್ಕೂ ಅರಿಶಿನ, ಕುಂಕುಮ, ಹೂವು, ಒಂದು ದಿನ ವಿಶ್ರಾಂತಿ. ಈ ಕಂಪ್ಯೂಟರಿಗೆ ಮಾತ್ರ ಇಲ್ಲ. ೨೦೦೬ರ ಪೂಜೆಯಲ್ಲಿ ಅಂಬರೀಶ್ ಕೈಮುಗಿದು ಬೇಡಿಕೊಂಡದ್ದಕ್ಕೆ ಸುಮ್ಮನಾದರು. ಆಮೇಲೆ ಆ ವರ್ಷವಿಡೀ ಜನರೇಟರಿನ ಬೆಲ್ಟು ಹರಿದಾಗಲೆಲ್ಲ ಇವರಿಗೆ ಕಾರಣ ಗೊತ್ತಿತ್ತು. ನನ್ನ ಹತ್ತಿರ ಒಮ್ಮೆ ಹೇಳಿದ್ದರು. "ಅಲ್ಲ ತಾಯಿ, ಎತ್ತುಗೂ ಒಂದಿನ ನೊಗ ಇಳಿಸ್ತೀವಿ. ಇದ್ಕೆ ಯಾರೂ ಇಲ್ವಾ? ಇಂಗೆ ದುಡಿಸಿದ್ರೆ ಶಾಪ ತಟ್ಟಾಕಿಲ್ವಾ?" ಕಂಪ್ಯೂಟರು ಸಾಯಲಿ ಎಂದು ಕಾಯಲು ಸಂಬಳ ಪಡೆಯುತ್ತಿದ್ದ ನನಗೆ ಆ ಮಾತು ಬಹಳ ಸರಿ ಎನಿಸಿತ್ತು.

ಕಳೆದ ವರ್ಷದ ಆಯುಧಪೂಜೆ ಅಕ್ಟೋಬರ್ ಇಪ್ಪತ್ತು, ಶನಿವಾರ. ಐನೂರು ದಿನ ತುಂಬುವುದು ಇಪ್ಪತ್ತಮೂರು, ಮಂಗಳವಾರ. ಮೂರೇ ದಿನ ಬಾಕಿ. ಸೋಮವಾರ ಬೆಳಿಗ್ಗೆ ನಾನು ಬಂದೆ. ಬೆಂಚಿನ ಮುಂದೆ ಬಾಡಿದ ಸೇವಂತಿಗೆ ಬಿದ್ದಿತ್ತು. ಅಂಬರೀಶ್ ಆ ಪದ ಒತ್ತಿದರು. ನಾನೂರ ತೊಂಬತ್ತೊಂಬತ್ತು ಎಂದು ಬರಬೇಕಿತ್ತು. ಬಂದದ್ದು, ಒಂದು.

ಅವರು ಮತ್ತೊಂದು ಸಲ ಒತ್ತಿದರು. ಮತ್ತೆ ಒಂದು. ಆಗ ಹಿಂದಿನಿಂದ ನರಸಿಂಹಯ್ಯನವರು, ಎದೆ ಸೆಟೆಸಿಕೊಂಡೇ, "ನಾನೇ ಕಣಪ್ಪಾ ಆರಿಸ್ದೆ. ಪೂಜೆಗೆ ಮುಂಚೆ. ಈಗ ಬೆಳಿಗ್ಗೆ ಬಂದು ಅಚ್ದೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು" ಎಂದರು. ಪಂದ್ಯದ ವಿಷಯ ಇವರಿಗೆ ಯಾರೂ ಸರಿಯಾಗಿ ಹೇಳಿರಲೇ ಇಲ್ಲ. ಅಂಬರೀಶ್ ಮುಖ ನೋಡಿದ ಮೇಲೆಯೇ ಇವರಿಗೆ ಗೊತ್ತಾದದ್ದು, ಏನೋ ಬಹಳ ದೊಡ್ಡದು ಹೋಯಿತು ಎಂದು.

ಅಂಬರೀಶ್ ಇವರ ಹೆಗಲ ಮೇಲೆ ಕೈಯಿಟ್ಟು, ಟೀ ಕುಡಿಯೋಣ ಬನ್ನಿ ಅಣ್ಣ ಎಂದು ಕರೆದುಕೊಂಡು ಹೋದರು. ಟೀ ಮುಗಿಸಿ ನೇರ ಮೇಡಂ ಕೊಠಡಿಗೆ ಹೋಗಿ, ಪೂಜೆಯ ದಿನ ಪ್ಲಗ್ ಬದಲಿಸುವಾಗ ಕಂಪ್ಯೂಟರ್ ತನ್ನ ಕೈಯಿಂದಲೇ ಆರಿಹೋಯಿತು, ತಪ್ಪು ತನ್ನದೇ ಎಂದುಬಿಟ್ಟರು. ನರಸಿಂಹಯ್ಯನವರ ನಿವೃತ್ತಿಗೆ ಎಂಟು ತಿಂಗಳಿತ್ತು. ಗೋಡೆಯ ಮೇಲೆ ಆ ನೋಟೀಸಿತ್ತು.

ಮಂಗಳವಾರ ಸುದ್ದಿ ಕ್ಯಾಂಟೀನಿಗೆ ಬಂತು. ನರಸಿಂಹಯ್ಯನವರು ಅರ್ಧ ತಿಂದ ಮುದ್ದೆ ಬಿಟ್ಟು ಎದ್ದು ಹೋಗಿ, ಆರಿಸಿದ್ದು ತಾನು, ಸಸ್ಪೆಂಡ್ ಮಾಡುವುದಿದ್ದರೆ ತನ್ನನ್ನು ಮಾಡಿ, ಹುಡುಗನ ತಂಟೆಗೆ ಹೋಗಬೇಡಿ ಎಂದರು. ಅಂಬರೀಶ್ ಒಪ್ಪಲಿಲ್ಲ. ಇವರೂ ಬಿಡಲಿಲ್ಲ. ಮೇಡಂ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದ ಪ್ರಶ್ನೆ ನನಗಿನ್ನೂ ನೆನಪಿದೆ. "ಇರೋದು ಒಂದು ಸ್ವಿಚ್ಚು. ಎಷ್ಟು ಜನ ಒತ್ತಿದ್ದೀರಿ?"

ನಾನು ಗೆದ್ದಿದ್ದೆ. ವೈಟ್‌ಫೀಲ್ಡಿಗೆ ಫೋನ್ ಮಾಡಿದರೆ ಸಾಕು, ಟೀಮ್ ಲೀಡ್ ಆಗುತ್ತಿದ್ದೆ. ಆದರೆ ನನ್ನ ತಲೆಯಲ್ಲಿ ಒಂದು ಹುಳ. ಇವರು ಕಂಪ್ಯೂಟರನ್ನು ಶನಿವಾರ ಆರಿಸಿ ಸೋಮವಾರ ಬೆಳಿಗ್ಗೆ ಹಚ್ಚಿದ್ದರೆ, ಅದು ಶುರುವಾಗಿ ಅರ್ಧ ಗಂಟೆ ಎಂದು ಬರಬೇಕು. ಒಂದು ದಿನ ಎಂದು ಹೇಗೆ ಬಂತು? ಆರಿದ ಕಂಪ್ಯೂಟರು ಭಾನುವಾರವನ್ನು ಹೇಗೆ ಎಣಿಸಿತು? ಅಂಬರೀಶ್ ಆ ಸೋಮವಾರ ಬೆಳಿಗ್ಗೆಯ ನಂತರ ಅದರ ಹತ್ತಿರ ಹೋಗಲೇ ಇಲ್ಲ. ನಾನು ಅವತ್ತು ಮಧ್ಯಾಹ್ನವೇ ಹೋದೆ. ನೋಟೀಸು ಸಿಬ್ಬಂದಿಗೆ, ಶತ್ರುವಿಗಲ್ಲ. ಬೆಂಚಿನ ದಾಖಲೆ ತೆಗೆದು ನೋಡಿದರೆ, ಶನಿವಾರ, ಭಾನುವಾರ ಎರಡೂ ದಿನ, ನಿಮಿಷ ನಿಮಿಷಕ್ಕೂ, 'ಒತ್ತಡ ಸೊನ್ನೆ, ಒತ್ತಡ ಸೊನ್ನೆ' ಎಂದು ಖಾಲಿ ಬೆಂಚಿನ ಲೆಕ್ಕವನ್ನು ಅದು ಶ್ರದ್ಧೆಯಿಂದ ಬರೆದಿತ್ತು. ಒಂದು ಸಾಲೂ ತಪ್ಪಿರಲಿಲ್ಲ.

ಫಿನ್‌ಲೆಂಡಿನ ಮೇಷ್ಟ್ರಿಗೆ ನಾನೇ ಬರೆದೆ. ಉತ್ತರದ ಮೊದಲ ಸಾಲು, ಅಭಿನಂದನೆಗಳು. ಹಳೆಯ ಸ್ಕೂಟರಿನ ಮೀಟರು ತೊಂಬತ್ತೊಂಬತ್ತು ಸಾವಿರ ಚಿಲ್ಲರೆ ಕಿಲೋಮೀಟರ್ ಆದ ಮೇಲೆ ಮತ್ತೆ ಸೊನ್ನೆಗೆ ಬರುತ್ತದಲ್ಲ, ಹಾಗೆಯೇ ಆ ಕಾಲದ ಲಿನಕ್ಸಿನ ದಿನದ ಎಣಿಕೆಯೂ ನಾನೂರ ತೊಂಬತ್ತೇಳು ದಿನ, ಎರಡೂವರೆ ಗಂಟೆಗೆ ಸೊನ್ನೆಗೆ ಮರಳುತ್ತದೆಯಂತೆ. ಸ್ಕೂಟರ್ ನಿಲ್ಲುವುದಿಲ್ಲ, ಮೀಟರು ಮಾತ್ರ ತಿರುಗುತ್ತದೆ. ಜೂನ್ ಹತ್ತರಿಂದ ಎಣಿಸಿ ನೋಡಿ. ಸರಿಯಾಗಿ ಆಯುಧಪೂಜೆಯ ಮಧ್ಯಾಹ್ನ. ಇದು ಅಂಬರೀಶ್ ಅವರಿಗೂ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಈ ದೋಷ ಕಣ್ಣಿಗೆ ಬೀಳಬೇಕಾದರೆ ಕಂಪ್ಯೂಟರ್ ಮೊದಲು ನಾನೂರ ತೊಂಬತ್ತೇಳು ದಿನ ಓಡಬೇಕು. ನಮ್ಮ ಕಂಪನಿಯ ಒಂದು ಕಂಪ್ಯೂಟರಿಗೂ ಆ ಭಾಗ್ಯ ಬಂದಿರಲಿಲ್ಲ.

ಹಾಗಾದರೆ ನರಸಿಂಹಯ್ಯನವರು ಆರಿಸಿದ್ದು ಏನನ್ನು ಎಂದು ಕೇಳುತ್ತೀರಿ. ಕೇಬಲ್ ಹಿಡಿದು ಹೋಗಿ ನೋಡಿದೆ. ಅರಿಶಿನ ಕುಂಕುಮದ ಬೆರಳ ಗುರುತು ಮಾನಿಟರಿನ ಸ್ವಿಚ್ಚಿನ ಮೇಲೆ...

ಅಯ್ಯೋ.

ಇದನ್ನು ಹೇಳಬಾರದಿತ್ತು. ಎಂಟು ತಿಂಗಳಿಂದ ಮೇಡಂ, ಅಂಬರೀಶ್, ನಾನು ಮೂವರೂ ನರಸಿಂಹಯ್ಯನವರಿಗೆ ಗೊತ್ತಾಗದಂತೆ ಮುಚ್ಚಿಟ್ಟಿದ್ದ ವಿಷಯ ಇದು. ಕಂಬದ ಹಿಂದೆ ಯಾರೋ ತಲೆ ಮೇಲೆ ಕೈಹೊತ್ತು ಕೂತಿರುವುದು ನನಗೆ ಕಾಣುತ್ತಿದೆ. ಸರ್, ಮೂವತ್ತೊಂದು ವರ್ಷ ನೀವು ನೋಡಿದ ಯಂತ್ರಗಳಲ್ಲಿ ದೀಪ ಆರಿದರೆ ಯಂತ್ರ ಆರಿದಂತೆ. ಇದೊಂದರಲ್ಲಿ ಮಾತ್ರ ಮುಖ ಒಂದು ಡಬ್ಬಿ, ಜೀವ ಇನ್ನೊಂದು ಡಬ್ಬಿ. ನೀವು ಅದರ ಮುಖಕ್ಕೆ ಸೆರಗು ಹೊದಿಸಿದಿರಿ, ಅದು ಒಳಗೊಳಗೇ ದುಡಿಯುತ್ತಲೇ ಇತ್ತು. ಈಶ್ವರಮ್ಮನವರು ನಗುತ್ತಿದ್ದಾರೆ. ಸರ್ ಇನ್ನೂ ನಗುತ್ತಿಲ್ಲ. ಹೇಗೂ ಬಾಯಿಂದ ಬಂತು, ಪೂರ್ತಿ ಹೇಳಿಬಿಡುತ್ತೇನೆ.

ಶುಕ್ರವಾರ ಮೇಡಂ ಸಹಿ ಹಾಕಲು ಪೆನ್ನು ತೆಗೆದಾಗ ನಾನು ದಾಖಲೆಗಳನ್ನೆಲ್ಲ ಅವರ ಮುಂದೆ ಇಟ್ಟೆ. ಮೇಡಂ ಎಲ್ಲ ಪುಟ ತಿರುವಿ, ಕನ್ನಡಕ ತೆಗೆದು, "ಹಾಗಾದರೆ ಇವರಿಬ್ಬರೂ ಒಪ್ಪಿಕೊಂಡದ್ದು ಯಾವ ತಪ್ಪನ್ನು?" ಎಂದರು. ಸಹಿಯಿಲ್ಲದ ನಮ್ಮ ಕಂಪನಿಯ ಕರಾರನ್ನು ಮಡಚಿ ನನ್ನ ಕೈಗೆ ವಾಪಸ್ ಕೊಟ್ಟರು. ನರಸಿಂಹಯ್ಯನವರಿಗೆ, ಕಂಪ್ಯೂಟರಿಗೆ ಏನೂ ಆಗಿಲ್ಲ, ಪಂದ್ಯ ಗೆದ್ದಾಯಿತು ಎಂದಷ್ಟೇ ಹೇಳಿ ಕಳಿಸಿದರು. ಇವರು ಬಾಗಿಲಲ್ಲಿ ನಿಂತು, "ಆಗಾಕಿಲ್ಲ ಮೇಡಮ್ಮಾ, ರೆಸ್ಟ್ ಸಿಕ್ತಲ್ಲ, ಇನ್ನ ಓಡ್ತದೆ" ಎಂದರಂತೆ. ಅದು ಓಡುತ್ತಲೇ ಇದೆ. ಇವತ್ತು ಬೆಳಿಗ್ಗೆ ತೆರೆಯ ಮೇಲೆ ಇನ್ನೂರ ಐವತ್ತೆರಡು ಎಂದಿತ್ತು. ನಿಜವಾದ ಲೆಕ್ಕ ಏಳುನೂರ ನಲವತ್ತೊಂಬತ್ತು. ಉಳಿದ ಬೆಂಚುಗಳಲ್ಲೂ ಈಗ ಲಿನಕ್ಸೇ ಇದೆ. ನಾನು ಟೀಮ್ ಲೀಡ್ ಆಗಲಿಲ್ಲ.

ಸನ್ಮಾನದ ಭಾಷಣದಲ್ಲಿ ಗುಣಗಳನ್ನು ಹೇಳಬೇಕು. ನನಗೆ ಒಂದೇ ಗೊತ್ತು. ಮೂವತ್ತೊಂದು ವರ್ಷದಲ್ಲಿ ಈ ಮನುಷ್ಯ ಮಾಡಿದೆನೆಂದು ಒಪ್ಪಿಕೊಂಡ ತಪ್ಪು ಒಂದೇ ಒಂದು, ಅದೂ ನಡೆದಿರಲೇ ಇಲ್ಲ. ನಿವೃತ್ತಿಗೆ ಎಂಟು ತಿಂಗಳಿರುವಾಗ, ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಬ್ಬ ಹೊತ್ತುಕೊಂಡು ಹೋಗಲು ಸಿದ್ಧನಿರುವಾಗ, ಊಟ ಬಿಟ್ಟು ಎದ್ದು ಹೋಗಿ 'ನಾನೇ' ಎಂದ ಮನುಷ್ಯನನ್ನು ನಾನು ವೈಟ್‌ಫೀಲ್ಡಿನಲ್ಲಿ ನೋಡಿರಲಿಲ್ಲ.

ಈಗ ನಿಮ್ಮಲ್ಲಿ ಚುರುಕಾದವರು ಯಾರೋ ಬೆರಳು ಮಡಚಿ ಎಣಿಸುತ್ತಿದ್ದೀರಿ. ಸೋಮವಾರ ಮಧ್ಯಾಹ್ನವೇ ದಾಖಲೆ ನೋಡಿದವಳು ಶುಕ್ರವಾರದ ತನಕ ಯಾಕೆ ಸುಮ್ಮನಿದ್ದಳು? ಮೇಡಂ ಕೂಡ ಇದನ್ನು ಕೇಳಿಲ್ಲ. ಮೇಷ್ಟ್ರ ಉತ್ತರಕ್ಕೆ ಕಾಯುತ್ತಿದ್ದೆ ಎಂದು ಅಂಬರೀಶ್‌ಗೆ ಹೇಳಿದ್ದೇನೆ. ಅದು ಸುಳ್ಳು. ಉತ್ತರ ಮಂಗಳವಾರವೇ ಬಂದಿತ್ತು.

ಆ ನಾಲ್ಕು ದಿನ ಒಬ್ಬರು ಕಳೆದುಕೊಂಡದ್ದಕ್ಕೆ ಅಳಲಿಲ್ಲ, ಕಳೆದವರನ್ನು ಬೈಯಲಿಲ್ಲ, ದಿನಾ ಬೆಳಿಗ್ಗೆ ಆ ಹಿರಿಯರಿಗೆ ಟೀ ತಂದುಕೊಟ್ಟರು, ದಿನಾ ಮೇಡಂ ಎದುರು 'ನನ್ನದೇ ತಪ್ಪು' ಎಂದರು. ಅದು ಎಷ್ಟು ದಿನ ನಿಲ್ಲುತ್ತದೆ ಎಂದು ನಾನು ನೋಡಬೇಕಿತ್ತು, ಕರಾರಿನ ನೆಪ ಹೇಳಿ ದಿನಾ ಬಂದೆ. ಬುಧವಾರ ಒಡೆಯುತ್ತಾರೆ ಎಂದುಕೊಂಡೆ, ಒಡೆಯಲಿಲ್ಲ. ಗುರುವಾರ ನಾನೇ ಕೆಣಕಿದೆ, ಆ ಮುದುಕರ ಮೇಲೆ ನಿಮಗೆ ಸಿಟ್ಟಿಲ್ಲವೇ ಎಂದು. "ಪೂಜೆ ಮಾಡ್ದೋರ ಮೇಲೆ ಏನ್ ಸಿಟ್ಟು, ಮೇಡಂ" ಎಂದರು. ಒತ್ತಡ ಪೂರ್ತಿ ಇತ್ತು, ಎಲ್ಲೂ ಸೋರಲಿಲ್ಲ. ನಾನು ಸರ್ಟಿಫಿಕೇಟ್ ಬರೆದುಕೊಂಡೆ.

ಆದ್ದರಿಂದ ಸಭಿಕರೇ, ಈ ಪ್ರಕರಣದಲ್ಲಿ ಇಬ್ಬರು ಅಪರಾಧಿಗಳೂ ನಿರಪರಾಧಿಗಳು. ತಪ್ಪು ಮಾಡಿದವಳು ನಾನೊಬ್ಬಳೇ. ಒಬ್ಬ ಹಿರಿಯರು ನಾಲ್ಕು ದಿನ ಊಟ ಸೇರದೆ ಕೊರಗಿದರು, ಒಂದು ಮಾತಿನಲ್ಲಿ ನಿಲ್ಲಿಸಬಹುದಾಗಿದ್ದ ನಾನು ನಿಲ್ಲಿಸಲಿಲ್ಲ. ನರಸಿಂಹಯ್ಯನವರೇ, ಈಶ್ವರಮ್ಮನವರೇ, ಇಷ್ಟು ಜನರ ಎದುರು ಕೈಮುಗಿದು ನಿಮ್ಮ ಕ್ಷಮೆ ಕೇಳುತ್ತೇನೆ. ಇದು ನಿಜವಾದ ಕ್ಷಮೆ. ಪಶ್ಚಾತ್ತಾಪವೂ ಇದೆಯೇ ಎಂದರೆ, ಕಂಬದ ಹಿಂದೆ ನೋಡಿ ಉತ್ತರ ನೀವೇ ಊಹಿಸಿ. ಶುಕ್ರವಾರ ಮೇಡಂ ಪೆನ್ನು ತೆಗೆಯದಿದ್ದರೆ ಇನ್ನೂ ಒಂದು ದಿನ ಕಾಯುತ್ತಿದ್ದೆನೋ ಏನೋ.

ಸರ್ ನಗುತ್ತಿದ್ದಾರೆ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಾರೆ. ಇನ್ನು ನಾನು ಇಳಿಯಬಹುದು.

ಮೈಕ್ ಕೊಟ್ಟ ಮೇಡಂ ಅವರಿಗೆ, ಕರೆಂಟು ಹೋಗದಂತೆ ನೋಡಿಕೊಂಡ ಜನರೇಟರಿನವರಿಗೆ, ಹತ್ತು ನಿಮಿಷ ಇಪ್ಪತ್ತಾದರೂ ಗಡಿಯಾರ ನೋಡದ ಮುನಿರಾಜು ಸರ್‌ಗೆ, ಮತ್ತು ನಿಮ್ಮೆಲ್ಲರಿಗೆ ನನ್ನ ಧನ್ಯವಾದ. ಅಂಬರೀಶ್ ಬರೆದುಕೊಟ್ಟ ಎರಡು ನಿಮಿಷದ ಭಾಷಣ ಓದಲು ಆಗಲಿಲ್ಲ. ಅದರ ತಪ್ಪೂ ತನ್ನದೇ ಎಂದು ಅವರು ಇಷ್ಟರಲ್ಲೇ ಬಂದು ಒಪ್ಪಿಕೊಳ್ಳುತ್ತಾರೆ.

ನಮಸ್ಕಾರ.